ಕಿಬ್ಬರ್ ಬೆಟ್ಟದಾಗ ಐಬೆಕ್ಸ್ ನೋಡಲಿಕ್ಕ ಯಾವ ದುರ್ಬೀನು?

ಶಹಾಬಾದಿ ಕಲ್ಲು (ಕಲಬುರಗಿ):
ಫೆಬ್ರುವರಿನಾಗ ಹಿಮಾಚಲದ ಸ್ಪಿತಿ ಕಡಿ ಕಿಬ್ಬರ್‌ಗೆ ಹೊಂಟೀವ್ರಿ. ಐಬೆಕ್ಸ್ (ಬಾಗಿದ ಕೊಂಬಿನ ಕಾಡು ಮೇಕಿ), ಭರಲ್ (ನೀಲಿ ಕುರಿ ಅಂತಾರ) ನೋಡೋದದ. ಹಿಮಚಿರತೆ ಕಂಡ್ರ ಪುಣ್ಯ. 8×42 (8 ಪಟ್ಟು ದೊಡ್ಡದು ಮಾಡ್ತದ, ಮುಂದಿನ ಗಾಜು 42 ಮಿ.ಮೀ.) ತಗೊಳ್ಳೋದೋ, 10×42 ತಗೊಳ್ಳೋದೋ? ನನಗ ಚಷ್ಮಾ ಅದ.

ಮಾಂಜ್ರಾ ದಂಡಿ (ಬೀದರ್):
10×42 ತಗೋರಿ. ಅಲ್ಲಿ ಎದುರಿನ ಗುಡ್ಡನೇ ಕಿಲೋಮೀಟರ್ ದೂರ ಇರ್ತದ. ಐ ರಿಲೀಫ್ (ಪೂರ್ತಿ ಚಿತ್ರ ಕಾಣಲಿಕ್ಕ ಹಿಂದಿನ ಗಾಜಿನಿಂದ ಕಣ್ಣು ಇರಬೇಕಾದ ದೂರ) 16 ಮಿ.ಮೀ.ಗಿಂತ ಕಮ್ಮಿ ಇದ್ರ ಚಷ್ಮಾದವರಿಗೆ ಅಂಚು ಕತ್ತರಿಸಿ ಕಾಣ್ತದ. ಐಕಪ್ (ಕಣ್ಣಿಗೆ ಹಚ್ಚೋ ಬಳಿ) ಪೂರ್ತಿ ಒಳಗ ತಿರುವಿ, ಅಂಗಡ್ಯಾಗೇ ನೋಡಿ ತಗೋರಿ. 10 ಪಟ್ಟು ಅಂದ್ರ ಕೈ ನಡುಕನೂ 10 ಪಟ್ಟು. ನಡುವಿನ ಕೀಲಿನ ಮುಂದಿನ ಮುಚ್ಚಳ ಬಿಚ್ಚಿದ್ರ ಬಹಳಷ್ಟರಾಗ ಕಾಲು ಇಂಚಿನ ತಿರುಪಿನ ತೂತು ಇರ್ತದ, ಅಡಾಪ್ಟರ್ ಹಾಕಿ ಟ್ರೈಪಾಡ್ ಮ್ಯಾಲ ಕೂಡಿಸ್ರಿ. ಹೊಲ ಹರಗಿದಂಗ ಸಾಲು ಹಿಡದು ಬೆಟ್ಟ ನೋಡ್ರಿ. ಇಡೀ ಪ್ರಾಣಿ ಹುಡುಕಿದ್ರ ಸಿಗಂಗಿಲ್ಲ. ಕಲ್ಲಿನ ನಡುವ ಕೊಂಬಿನ ಬಾಗು, ಕಿವಿ ಅಲುಗೋದು ಹುಡುಕ್ರಿ.

ತೊಗರಿ ಹೊಲ (ಸೇಡಂ):
ಹೊರಗಿನ ಚಳಿಯಿಂದ ಕೋಣಿಗೆ ತಂದ ಕೂಡ್ಲೆ ಚೀಲ ಬಿಚ್ಚಬ್ಯಾಡ್ರಿ, ಗಾಜಿಗೆ ಹನಿ ಕೂಡ್ತಾವ. ಎರಡು ತಾಸು ಹಂಗೇ ಇಡ್ರಿ. ಬಯಲಾಗ ಗಾಜಿಗೆ ಉಸಿರು ಊದಿ ಒರಸಿದ್ರ ಮಂಜುಗಟ್ತದ, ಬ್ರಶ್ ಬಳಸ್ರಿ.

ದುರ್ಬೀನಿಗಿಂತ ಎತ್ತರದ್ದೇ ದೊಡ್ಡ ಚಿಂತಿ. ಕಲಬುರಗಿ ಸುಮಾರು 450 ಮೀಟರ್, ಕಾಜಾ (ಸ್ಪಿತಿಯ ಮುಖ್ಯ ಊರು) 3,600, ಕಿಬ್ಬರ್ 4,200. ಶಿಮ್ಲಾ ದಾರಿಲೆ ಹೋಗ್ರಿ. ಕಲ್ಪಾ, ತಾಬೊದಾಗ ಒಂದೊಂದು ರಾತ್ರಿ, ಕಾಜಾದಾಗ ಎರಡು. ತಲಿನೋವು, ವಾಂತಿ ಇದ್ರ ಮ್ಯಾಲ ಹತ್ತಬ್ಯಾಡ್ರಿ. ಹೆಚ್ಚಾದ್ರ ಅವತ್ತೇ ಕೆಳಗ ಇಳೀರಿ.