ಟಾಂಟಾಲನ್ ಕೋಟೆಗೆ ಒಂದೇ ಗೋಡೆ ಯಾಕೆ?

ಕಡಲದಾರಿ:
ಹೋದ ವಾರ ಸ್ಕಾಟ್‌ಲೆಂಡಿನ ಎಡಿನ್‌ಬರೋದಿಂದ ನಾರ್ತ್ ಬೆರಿಕ್‌ಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಐದು ಕಿಲೋಮೀಟರ್ ದೂರದ ಟಾಂಟಾಲನ್ ಕೋಟೆ ನೋಡಿ ಬಂದೆ. ರಸ್ತೆಯಿಂದ ನೋಡಿದರೆ ಇಡೀ ಹೊಲಕ್ಕೆ ಅಡ್ಡ ನಿಂತ ಹಾಗೆ ಒಂದು ಕೆಂಪು ಗೋಡೆ, ಎದೆ ಝಲ್ ಅನ್ನುತ್ತದೆ. ಬಾಗಿಲು ದಾಟಿ ಒಳಗೆ ಹೋದರೆ ಅಂಗಳ, ಹುಲ್ಲು, ಆಮೇಲೆ ಸೀದಾ ಸಮುದ್ರ. ಉಳಿದ ಗೋಡೆಗಳು ಬಿದ್ದುಹೋದವಾ, ಇಲ್ಲ ಕಟ್ಟಲೇ ಇಲ್ವಾ? ಮತ್ತೆ ನಡುವಿನ ಗೋಪುರದಲ್ಲಿ ಕೆಂಪು ಕಲ್ಲಿನ ಮಧ್ಯೆ ಹಸಿರು ಕಲ್ಲಿನ ಪಟ್ಟಿಗಳಿವೆ, ಅದೇನು?

ಹಳೆಗೋಡೆ:
ಅಷ್ಟು ದೊಡ್ಡ ಗೋಡೆ ಬೇರೆ ಕಡೆ ಬೇಕಾಗಿರಲೇ ಇಲ್ಲ. ಮೂರು ಕಡೆ ಸುಮಾರು 30 ಮೀಟರ್ ಕಡಿದಾದ ಬಂಡೆ, ಕೆಳಗೆ ಸಮುದ್ರ. ಶತ್ರು ಬರಬೇಕಾದರೆ ನೆಲದ ಕಡೆಯಿಂದಲೇ ಬರಬೇಕು, ಹಾಗಾಗಿ ಇದ್ದ ಬಲವನ್ನೆಲ್ಲ ಆ ಒಂದೇ ಕಡೆ ಸುರಿದಿದ್ದಾರೆ: 15 ಮೀಟರ್ ಎತ್ತರ, 3.6 ಮೀಟರ್ ದಪ್ಪ, ಎರಡು ತುದಿಗೂ ಗೋಪುರ, ಮುಂದೆ ಕಂದಕ. 14ನೇ ಶತಮಾನದ ಮಧ್ಯದಲ್ಲಿ ಇದನ್ನು ಕಟ್ಟಿಸಿದವನು ವಿಲಿಯಂ ಡಗ್ಲಸ್. 1358ರಲ್ಲಿ ಅರ್ಲ್ (ದೊಡ್ಡ ಸರದಾರ) ಪದವಿ ಪಡೆದವನು ಅವನೇ. ಆಗ ಫಿರಂಗಿಯ ಭಯ ಅಷ್ಟಾಗಿ ಇರಲಿಲ್ಲ ಅನ್ನೋದು ಗೋಡೆ ನೋಡಿದರೇ ಗೊತ್ತಾಗುತ್ತದೆ, ಅಷ್ಟೆತ್ತರ ಸುಮ್ನೆ ಗುರಿಗೆ ಸಿಕ್ಕ ಹಾಗೆ ನಿಂತಿದೆ.

ಹಸಿರು ಕಲ್ಲು ಆಮೇಲಿನದು. ಅದರ ಹಿಂದೆ ಒಂದು ಮನೆಜಗಳವಿದೆ. ಡಗ್ಲಸ್ ಮನೆತನದ ಆರ್ಚಿಬಾಲ್ಡ್, ಆಂಗಸ್‌ನ 6ನೇ ಅರ್ಲ್, ರಾಜ 5ನೇ ಜೇಮ್ಸ್‌ನ ವಿಧವೆ ತಾಯಿಯನ್ನು ಮದುವೆಯಾಗಿ, ಹುಡುಗ ರಾಜನನ್ನು ತನ್ನ ಕೈಯಲ್ಲಿ ಹಿಡಿದಿಟ್ಟುಕೊಂಡಿದ್ದ. 1528ರಲ್ಲಿ 16 ವರ್ಷದ ಜೇಮ್ಸ್ ತಪ್ಪಿಸಿಕೊಂಡು, ಅದೇ ವರ್ಷ ಫಿರಂಗಿ ತಂದು ಟಾಂಟಾಲನ್‌ಗೆ ಮುತ್ತಿಗೆ ಹಾಕಿದ. 20 ದಿನ ಹೊಡೆದರೂ ಕೋಟೆ ಬೀಳಲಿಲ್ಲ! ಮುಂದೆ ಅರ್ಲ್ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದ, ಕೋಟೆ ರಾಜನ ಕೈಗೆ ಬಂತು. ತಾನೇ ಹೊಡೆದ ಗೋಡೆಯನ್ನು ತಾನೇ ದುರಸ್ತಿ ಮಾಡಿಸಿದ. ನೀವು ನೋಡಿದ ಹಸಿರು ಪಟ್ಟಿ ಆ ಕಾಲದ್ದು. ಗೋಡೆಯೊಳಗಿದ್ದ ಸಣ್ಣ ಕೋಣೆಗಳಿಗೂ ಕಲ್ಲು ತುಂಬಿ ಗಟ್ಟಿ ಮಾಡಿಸಿದ.

ಮಳೆಬಿಸಿಲು:
ಒಂದು ಮಾತು ಸೇರಿಸುತ್ತೇನೆ. ಕೋಟೆ ಬೀಳಲೇ ಇಲ್ಲ ಅಂತ ಅಂದುಕೊಳ್ಳಬೇಡಿ. 1651ರಲ್ಲಿ, ಇಂಗ್ಲೆಂಡಿನಿಂದ ದಂಡೆತ್ತಿ ಬಂದಿದ್ದ ಕ್ರಾಮ್‌ವೆಲ್‌ನ ಸೇನಾಪತಿ ಮಂಕ್ 12 ದಿನ ಫಿರಂಗಿ ಹೊಡೆಸಿದ, ಒಳಗಿದ್ದವರು ನೂರು ಜನವೂ ಇರಲಿಲ್ಲ. ಗೋಡೆಯ ಒಂದು ತುದಿಯ ಡಗ್ಲಸ್ ಗೋಪುರ ಇವತ್ತು ಅರ್ಧ ಉಳಿದಿರುವುದು ಅದಕ್ಕೇ. ಆಮೇಲೆ ಯಾರೂ ಅದನ್ನು ಮೊದಲಿನಂತೆ ಕಟ್ಟಲಿಲ್ಲ. ನನಗೆ ಆ ಮುರಿದ ಗೋಪುರವೇ ಜಾಸ್ತಿ ಇಷ್ಟ, ಗೋಡೆಯ ದಪ್ಪ ಅಲ್ಲಿ ಒಳಗಿಂದ ಕಾಣುತ್ತದೆ.

ಕಡಲದಾರಿ:
ತುಂಬಾ ಧನ್ಯವಾದ. ಅಂಗಳದಿಂದ ಎದುರಿಗೆ ಬಿಳಿ ಬಂಡೆಯ ದ್ವೀಪ ಕಾಣುತ್ತದಲ್ವಾ, ಅದು ಸುಣ್ಣದ ಕಲ್ಲಾ?

ಹಳೆಗೋಡೆ:
ಅಲ್ಲ, ಅದು ಬಾಸ್ ರಾಕ್, ಜ್ವಾಲಾಮುಖಿಯಿಂದ ಆದ ಕಪ್ಪು ಬಂಡೆ. ಬಿಳಿಯಾಗಿ ಕಾಣುವುದು ಗ್ಯಾನೆಟ್ ಹಕ್ಕಿಗಳು ಮತ್ತು ಅವುಗಳ ಹಿಕ್ಕೆ. 2022ರ ಹಕ್ಕಿಜ್ವರದಲ್ಲಿ ತುಂಬಾ ಹಕ್ಕಿಗಳು ಸತ್ತವು, ನೋವಾಗುತ್ತದೆ. ಮುಂದಿನ ಸಲ ಬೇಸಿಗೆಯಲ್ಲಿ ಗೋಡೆಯ ತುದಿಗೆ ಹತ್ತಿ ನೋಡಿ, ಹಕ್ಕಿಗಳು ನೀರಿಗೆ ಬಾಣದಂತೆ ಧುಮುಕುತ್ತವೆ.