ಅಳಿಯನಿಗೆ ಯುರೋಪಿಗೆ ಹೋಗಿ ಸ್ಪೀಡ್‌ವೇ ಬೈಕ್ ಓಡಿಸಬೇಕಂತೆ, ಗೊತ್ತಿದ್ದವರು ಹೇಳಿ

ಕಾಪು ಮಾಮ:
ತಂಗಿಯ ಮಗ, 19 ವರ್ಷ, ಡಿಪ್ಲೊಮಾ ಕೊನೇ ವರ್ಷ. ಮಂಗಳೂರು, ಉಡುಪಿ ಕಡೆ ಎಲ್ಲಿ ಡರ್ಟ್ ಟ್ರ್ಯಾಕ್ ರೇಸ್ ಆದರೂ ಹಾಜರು. ಶೋಕೇಸಲ್ಲಿ ಎರಡು ಕಪ್ಪೂ ಉಂಟು. ಈಗ ಮೊಬೈಲಲ್ಲಿ ಮಣ್ಣಿನ ಅಂಡಾಕಾರದ ಟ್ರ್ಯಾಕಿನ ಬೈಕ್ ರೇಸ್, ಪೋಲೆಂಡಿನ ಸ್ಪೀಡ್‌ವೇ ನೋಡಿ ಅದೇ ಹುಚ್ಚು ಹಿಡಿದಿದೆ. ಬ್ರೇಕೇ ಇಲ್ಲದ ಬೈಕಂತೆ! "ನೀನೇ ಹೇಳು ಅಣ್ಣ, ಮಾಮನ ಮಾತಾದರೆ ಕೇಳ್ತಾನೆ" ಅಂತ ತಂಗಿ ನನ್ನ ತಲೆಗೆ ಕಟ್ಟಿದ್ದಾಳೆ. ಬೇಡ ಅನ್ಲಿಕ್ಕಾದರೂ ನನಗೆ ವಿಷಯ ಗೊತ್ತಿರಬೇಕಲ್ಲ? ಹೊರಗಿನಿಂದ ಹೋದವರಿಗೆ ಅಲ್ಲಿ ಹೊಟ್ಟೆಪಾಡು ನಡೀತದಾ?

ಮಲ್ಪೆ ಡೀಸೆಲ್:
ಬ್ರೇಕ್ ಇಲ್ಲ, ಮಣ್ಣು ಹಾರ್ತದೆ, ಒಂದು ನಿಮಿಷದಲ್ಲಿ ಮುಗೀತದೆ. ಕಂಬಳವೇ ಅಲ್ವಾ ಮಾರ್ರೆ!

ಟೊರೂನ್ ರಿಟರ್ನ್:
ಪೋಲೆಂಡಿನ ಟೊರೂನ್‌ನಲ್ಲಿ ಎರಡು ವರ್ಷ ಓದಿದವ ನಾನು. ಅಲ್ಲಿ ಒಬ್ಬ ಆಸ್ಟ್ರೇಲಿಯಾದ ಹುಡುಗನ ಗ್ಯಾರೇಜಿಗೆ ಕೈಖರ್ಚಿಗೆ ಅಂತ ಬೈಕ್ ತೊಳೀಲಿಕ್ಕೆ ಹೋಗ್ತಿದ್ದೆ. ಅವನೂ ನಿಮ್ಮ ಅಳಿಯನ ವಯಸ್ಸಿಗೇ ಮನೆ ಬಿಟ್ಟು ಬಂದವ.

ಸಂಬಳ ಅಂತ ತಿಳ್ಕೊಳ್ಬೇಡಿ. ಪಾಯಿಂಟಿಗೆ ದುಡ್ಡು. ನಾಲ್ಕು ಜನ, ನಾಲ್ಕು ಸುತ್ತು. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಒಂದು ರಾತ್ರಿಗೆ ನಾಲ್ಕೈದು ಸಲ ಇಳೀಬಹುದು. ಅಂದ್ರೆ ಬೈಕ್ ಮೇಲೆ ಕೂರುವುದು ಹೆಚ್ಚೆಂದರೆ ಐದು ನಿಮಿಷ. ಬೈಕು, ಎಂಜಿನ್ನು, ವ್ಯಾನು, ಮೆಕ್ಯಾನಿಕ್ಕಿನ ಊಟ ಎಲ್ಲ ಖರ್ಚೂ ಓಡಿಸುವವನದ್ದೇ. ಒಬ್ಬನೇ ಬೇರೆ ಬೇರೆ ದೇಶದ ಕ್ಲಬ್ಬುಗಳಿಗೆ ಓಡಿಸ್ತಾನೆ: ಮಂಗಳವಾರ ಸ್ವೀಡನ್, ಶುಕ್ರವಾರ ಅಥವಾ ಭಾನುವಾರ ಪೋಲೆಂಡ್, ನಡುವೆ ಇಂಗ್ಲೆಂಡ್. ಒಂದೇ ವಾರದಲ್ಲಿ! ವ್ಯಾನಿನಲ್ಲೇ ನಿದ್ದೆ.

500 ಸಿಸಿ, ಒಂದೇ ಸಿಲಿಂಡರು, ಒಂದೇ ಗೇರು. ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್ ಅನ್ನುವ ಆಲ್ಕೋಹಾಲ್. ಅದು ನೀರು ಹೀರಿ ಕಾರ್ಬೊರೇಟರನ್ನು ತಿಂದುಹಾಕ್ತದೆ ಅಂತ, ರೇಸ್ ಮುಗಿದ ಮೇಲೆ ರಾತ್ರಿ ಎಷ್ಟೇ ಹೊತ್ತಾಗಲಿ ಎಲ್ಲ ಬಸಿದು ಪೆಟ್ರೋಲು ಓಡಿಸಿಯೇ ಇಡಬೇಕು. ಆ ಕೆಲಸ ನನ್ನದು. ಎಂಜಿನ್ನಿಗೆ ಹರಳೆಣ್ಣೆ ಬೆರೆತ ಆಯಿಲ್ ಹಾಕ್ತಾರೆ. ಹೊಗೆ ಮೂಗಿಗೆ ಬಡಿದಾಗಲೆಲ್ಲ ನನಗೆ ಅಜ್ಜಿ ದೀಪಾವಳಿಗೆ ತಲೆಗೆ ಎಣ್ಣೆ ತಿಕ್ಕುತ್ತಿದ್ದದ್ದು ನೆನಪಾಗ್ತಿತ್ತು. ಅಳಿಯನಿಗೆ ಇನ್ನೊಂದು ಹೇಳಿ: ಎಡಗಾಲಿಗೆ ಬೂಟಿನ ಅಡಿಯಲ್ಲಿ ಕಬ್ಬಿಣದ ಪಟ್ಟಿ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿ, ಆ ಕಾಲನ್ನು ನೆಲದ ಮೇಲೆ ಎಳೆಯುತ್ತಾ ಹೋಗುವುದು. ಸುತ್ತು ಯಾವತ್ತೂ ಎಡಕ್ಕೇ.

ನಮ್ಮ ಹುಡುಗ ಮೊದಲ ವರ್ಷ ಸೊನ್ನೆ, ಸೊನ್ನೆ, 1. ನಾಲ್ಕನೇ ರೇಸಿಗೆ ಹಿಂದಿನ ಸ್ಪ್ರಾಕೆಟಿನ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲು ಹೆಚ್ಚು ಮಾಡಿ ನೋಡುವ ಅಂತ ನಾವು ಒದ್ದಾಡುವಾಗ ಕ್ಲಬ್ಬಿನವರು ಅವನ ಜಾಗಕ್ಕೆ ಇನ್ನೊಬ್ಬನನ್ನು ಇಳಿಸಿದರು. ಇಳಿಯದಿದ್ದರೆ ಪಾಯಿಂಟೂ ಇಲ್ಲ, ದುಡ್ಡೂ ಇಲ್ಲ.

ಬೇಡ ಅನ್ನುವ ಮೊದಲು ಐವನ್ ಮೌಗರ್ ಕಥೆ ಕೇಳಿ. ನ್ಯೂಜಿಲೆಂಡಿನವರು. 1957ರಲ್ಲಿ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಬೇಳೆ ಬೇಯದೆ ವಾಪಸ್ ಬಂದರು. 1963ರಲ್ಲಿ ಮತ್ತೆ ಹೋದರು. 1968ರಿಂದ 1979ರ ಒಳಗೆ ಆರು ಸಲ ವಿಶ್ವ ಚಾಂಪಿಯನ್.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ತಪ್ಪಾಗ್ತದೆ. ಡಾರ್ಸಿ ವಾರ್ಡ್, ಆಸ್ಟ್ರೇಲಿಯಾದವ, 21ರ ಒಳಗಿನವರ ವಿಶ್ವ ಚಾಂಪಿಯನ್ ಎರಡು ಸಲ. 2015ರಲ್ಲಿ ಪೋಲೆಂಡಿನಲ್ಲಿ ಬಿದ್ದು ಬೆನ್ನುಹುರಿ ಹೋಯಿತು. ಆಗ ಅವನಿಗೆ 23. ರೇಸಿನ ಬೈಕ್ ರಿಪೇರಿ ಮಾಡುವ ಜಾಗದಲ್ಲಿ, ನಾನಿದ್ದ ಪಿಟ್‌ನಲ್ಲಿ ಅವನ ಹೆಸರು ತೆಗೆದರೆ ಎಲ್ಲರೂ ಸ್ಪ್ಯಾನರ್ ಹುಡುಕಲು ಶುರು ಮಾಡುತ್ತಿದ್ದರು.

ಬೈಂದೂರು ಶಟಲ್:
ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಲೈಸೆನ್ಸ್ ಉಂಟಾ ಅವನಿಗೆ? ಮೊದಲು ಅದು. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೊಕ್ರಾಸಿನಿಂದ (ಏರುತಗ್ಗಿನ ಮಣ್ಣಿನ ಬೈಕ್ ರೇಸ್) ಶುರು ಮಾಡಿ 2015ರಲ್ಲಿ ಮರುಭೂಮಿಯ ದೂರದ ರೇಸ್ ಆದ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದರು. ಇಲ್ಲಿ ಮೋಟೊಕ್ರಾಸ್ ಓಡಿಸಲಿ, ಡಿಪ್ಲೊಮಾ ಮುಗಿಯಲಿ. ಅಲ್ಲಿ ಹೋದರೂ ಎಂಜಿನ್ ಬಿಚ್ಚಲಿಕ್ಕೆ ಬರಬೇಕಲ್ಲ.

ಕಾಪು ಮಾಮ:
ಉಪಕಾರವಾಯ್ತು. ಎಲ್ಲ ಅವನಿಗೇ ಓದಲಿಕ್ಕೆ ಕೊಟ್ಟೆ. ಸೊನ್ನೆ ಪಾಯಿಂಟು, ವ್ಯಾನಿನ ನಿದ್ದೆ, ಬೆನ್ನುಹುರಿ, ಎಲ್ಲ ಓದಿದ. ಓದಿ ಕೇಳಿದ್ದು ಒಂದೇ: "ಮಾಮ, ಕಟಪಾಡಿಯ ವೆಲ್ಡಿಂಗ್ ಅಂಗಡಿಯಲ್ಲಿ ಆ ಕಬ್ಬಿಣದ ಬೂಟು ಮಾಡಿಕೊಡ್ತಾರಾ?"

ತಂಗಿಗೆ ಇನ್ನೂ ಫೋನ್ ಮಾಡಿಲ್ಲ.