ಬ್ರೌಸರ್‌ನಲ್ಲಿ ಎಲ್ಲಾ ಸರಿ ಇದೆ, ಏಜೆಂಟ್‌ಗಳು ಮಾತ್ರ ಕನೆಕ್ಟ್ ಆಗ್ತಿಲ್ಲ

ಪ್ರಶ್ನೆ: ಸರ್, ಮ್ಯಾನೇಜ್‌ಮೆಂಟ್ ಸರ್ವರ್‌ನಲ್ಲಿದ್ದ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ತೆಗೆದು ನಮ್ಮ ಇಂಟರ್ನಲ್ ಸಿಎ (ಸರ್ಟಿಫಿಕೇಟ್ ಕೊಡೋ ಅಥಾರಿಟಿ) ಕೊಟ್ಟಿದ್ದನ್ನ ಹಾಕಿದೆ. ಕನ್ಸೋಲ್ ಯಾವ ವಾರ್ನಿಂಗೂ ಇಲ್ದೆ ಓಪನ್ ಆಗುತ್ತೆ, ಆದ್ರೆ ಲಿನಕ್ಸ್ ಏಜೆಂಟ್‌ಗಳೆಲ್ಲಾ (ಪ್ರತಿ ಮೆಷಿನ್‌ನಲ್ಲಿ ಕೂತು ಈ ಸರ್ವರ್‌ಗೆ ಕನೆಕ್ಟ್ ಆಗೋ ಪ್ರೋಗ್ರಾಂಗಳು) ಆಫ್‌ಲೈನ್, ಲಾಗ್‌ನಲ್ಲಿ 'ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್' ಅಂತ ಬರ್ತಿದೆ. ರೂಟ್ ಸಿಎ ಎಲ್ಲಾ ಮೆಷಿನ್‌ನಲ್ಲೂ ಇದೆ, ನೋಡಿದೀನಿ. ಏಜೆಂಟ್ ಕಾನ್ಫಿಗ್‌ನಲ್ಲಿ ಸರ್ಟಿಫಿಕೇಟ್ ವೆರಿಫೈ ಆಫ್ ಮಾಡಿದ್ರೆ ಕೆಲಸ ಮಾಡುತ್ತೆ. ಎನ್‌ಕ್ರಿಪ್ಷನ್ ಅಂತೂ ಆಗ್ತಿದೆಯಲ್ಲ, ಹಾಗೇ ಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ. ವೆರಿಫೈ ಆಫ್ ಮಾಡಿದ್ರೆ ಡೇಟಾ ಎನ್‌ಕ್ರಿಪ್ಟ್ ಆಗುತ್ತೆ ನಿಜ, ಆದ್ರೆ ಆ ಕಡೆ ಇರೋದು ಯಾರು ಅಂತ ಏಜೆಂಟ್ ನೋಡೋದೇ ಇಲ್ಲ, ಮಧ್ಯೆ ಕೂತವನು ತನ್ನ ಸರ್ಟಿಫಿಕೇಟ್ ತೋರಿಸಿದ್ರೂ ಒಪ್ಕೊಂಡುಬಿಡುತ್ತೆ. ಏಜೆಂಟ್ ಸಾಮಾನ್ಯವಾಗಿ ರೂಟ್ (ಅಡ್ಮಿನ್) ಪರ್ಮಿಷನ್‌ನಲ್ಲೇ ಓಡ್ತಿರುತ್ತೆ, ಸರ್ವರ್ ಹೇಳಿದ ಕಮಾಂಡ್ ರನ್ ಮಾಡುತ್ತೆ, ಅಂದ್ಮೇಲೆ ಆ ಮಧ್ಯೆ ಕೂತವನ ಕೈಗೆ ನಿಮ್ಮ ಮೆಷಿನ್‌ಗಳನ್ನೇ ಕೊಟ್ಟಹಾಗೆ.

ನಿಮ್ಮ ಪ್ರಾಬ್ಲಮ್ ಬಹುತೇಕ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್‌ದು, ಅಂದ್ರೆ ರೂಟ್ ಸಿಎಗೂ ಸರ್ವರ್ ಸರ್ಟಿಫಿಕೇಟ್‌ಗೂ ಮಧ್ಯೆ ಕೊಂಡಿಯಾಗಿರೋದು. ಸರ್ವರ್ ತನ್ನದೊಂದನ್ನೇ ಕಳಿಸ್ತಿದೆ. ಬ್ರೌಸರ್ ಮಧ್ಯದ್ದನ್ನ ಕ್ಯಾಶ್‌ನಿಂದಲೋ ಸರ್ಟಿಫಿಕೇಟ್ ಒಳಗಿರೋ ಲಿಂಕ್‌ನಿಂದಲೋ ತಾನೇ ಹುಡುಕ್ಕೊಳ್ಳುತ್ತೆ, ಏಜೆಂಟ್‌ಗಳು ಸಾಮಾನ್ಯವಾಗಿ ಹುಡುಕಲ್ಲ. ಏಜೆಂಟ್ ಇರೋ ಮೆಷಿನ್‌ನಿಂದಲೇ ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್‌ನ ಶೋಸರ್ಟ್ಸ್ ಆಪ್ಷನ್ ಜೊತೆ ರನ್ ಮಾಡಿ, ಏಜೆಂಟ್ ಕನೆಕ್ಟ್ ಆಗೋ ಪೋರ್ಟ್‌ಗೇ ಮಾಡಿ, ಕನ್ಸೋಲ್ ಪೋರ್ಟ್ ಬೇರೆ ಇರಬಹುದು. ಸರ್ಟಿಫಿಕೇಟ್ ಚೈನ್ ಅನ್ನೋ ಕಡೆ 0 ಒಂದೇ ಕಾಣಿಸಿ 1 ಇಲ್ದಿದ್ರೆ ಇದೇ ಕಾರಣ. ಸರ್ವರ್‌ನ ಸರ್ಟಿಫಿಕೇಟ್ ಫೈಲ್‌ನಲ್ಲಿ ಮೊದಲು ಸರ್ವರ್‌ದು, ಅದರ ಕೆಳಗೆ ಇಂಟರ್‌ಮೀಡಿಯೆಟ್ ಸೇರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ರೂಟ್ ಸಿಎದು ಹಾಕೋದು ಬೇಕಿಲ್ಲ.

ಪ್ರಶ್ನೆ: ಸರ್, 0 ಮಾತ್ರ ಇತ್ತು, ಸೇರಿಸಿದ್ಮೇಲೆ ಜಾಸ್ತಿ ಏಜೆಂಟ್‌ಗಳು ಆನ್‌ಲೈನ್ ಬಂದ್ವು, ತುಂಬಾ ಥ್ಯಾಂಕ್ಸ್. ಕೆಲವು ಮಾತ್ರ ಹೋಸ್ಟ್‌ನೇಮ್ ಮಿಸ್‌ಮ್ಯಾಚ್ ಅಂತಿವೆ. ಅವುಗಳ ಕಾನ್ಫಿಗ್‌ನಲ್ಲಿ ಐಪಿ ಅಡ್ರೆಸ್ ಇದೆ, ಸರ್ಟಿಫಿಕೇಟ್‌ನ ಕಾಮನ್ ನೇಮ್‌ನಲ್ಲಿ ಹೆಸರಿದೆ.

ಉತ್ತರ: ಏಜೆಂಟ್ ಯಾವ ಅಡ್ರೆಸ್‌ಗೆ ಕನೆಕ್ಟ್ ಆಗುತ್ತೋ ಅದೇ ಸರ್ಟಿಫಿಕೇಟ್‌ನ ಸ್ಯಾನ್ (ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್) ಫೀಲ್ಡ್‌ನಲ್ಲಿ ಇರಬೇಕು. ಕಾಮನ್ ನೇಮ್ ನಂಬ್ಕೋಬೇಡಿ, ಕ್ರೋಮ್ 2017ರಲ್ಲೇ ಅದನ್ನ ನೋಡೋದು ಬಿಟ್ಟಿದೆ. ಐಪಿ ಹಾಕೋದಾದ್ರೆ ಐಪಿ ಎಂಟ್ರಿಯಾಗೇ ಹಾಕಿ, ಡಿಎನ್‌ಎಸ್ ಎಂಟ್ರಿಯಾಗಿ ಹಾಕಿದ್ರೆ ಲೆಕ್ಕಕ್ಕೆ ಬರಲ್ಲ. ನನ್ನ ಕೇಳಿದ್ರೆ ಆ ಕೆಲವು ಏಜೆಂಟ್‌ಗಳನ್ನೇ ಹೆಸರಿಗೆ ಬದಲಾಯಿಸಿ, ನಾಳೆ ಸರ್ವರ್‌ನ ಐಪಿ ಬದಲಾದ್ರೂ ತಲೆನೋವಿಲ್ಲ.

ಇನ್ನೊಬ್ಬ ಸದಸ್ಯರು: ಟಿಎಲ್‌ಎಸ್ (ಈ ಕನೆಕ್ಷನ್ ಎನ್‌ಕ್ರಿಪ್ಟ್ ಮಾಡೋ ಪ್ರೋಟೋಕಾಲ್) ವರ್ಷನ್ ಯಾವುದು ಇಡೋದು ಸರ್? ಹಳೇ ಏಜೆಂಟ್‌ಗಳೂ ಇವೆ.

ಉತ್ತರ: ಕನಿಷ್ಠ 1.2, ಸಾಧ್ಯವಾದ್ರೆ 1.3. 1.0 ಮತ್ತು 1.1ನ ಇಂಟರ್ನೆಟ್ ಸ್ಟ್ಯಾಂಡರ್ಡ್‌ಗಳನ್ನ ಮಾಡೋ ಸಂಸ್ಥೆ ಐಇಟಿಎಫ್ 2021ರಲ್ಲೇ ಅಧಿಕೃತವಾಗಿ ಕೈಬಿಟ್ಟಿದೆ. ಹಳೇ ಏಜೆಂಟ್‌ಗೋಸ್ಕರ ಸರ್ವರ್ ಕೆಳಗಿಳಿಸಬೇಡಿ, ಏಜೆಂಟ್ ಅಪ್‌ಗ್ರೇಡ್ ಮಾಡಿ. ಹಾಗೇ ಪ್ರೈವೇಟ್ ಕೀ ಫೈಲ್‌ನ ಪರ್ಮಿಷನ್ 600 (ಓನರ್ ಮಾತ್ರ ಓದಿ ಬರೆಯೋಹಾಗೆ) ಇದೆಯಾ ನೋಡಿ, ಓನರ್ ಆ ಸರ್ವಿಸ್‌ನ ಯೂಸರ್ ಆಗಿರ್ಲಿ. ಎಕ್ಸ್‌ಪೈರಿ ಅಲರ್ಟ್ ಇಡುವಾಗ ಡಿಸ್ಕ್‌ನಲ್ಲಿರೋ ಫೈಲ್ ಅಲ್ಲ, ಪೋರ್ಟ್‌ನಲ್ಲಿ ಬರ್ತಿರೋ ಸರ್ಟಿಫಿಕೇಟ್ ಚೆಕ್ ಮಾಡೋಹಾಗೆ ಇಡಿ, ಯಾಕಂದ್ರೆ ಫೈಲ್ ರಿನ್ಯೂ ಆಗಿದ್ರೂ ಸರ್ವಿಸ್ ರೀಲೋಡ್ ಆಗದಿದ್ರೆ ಹಳೇದನ್ನೇ ಕೊಡ್ತಿರುತ್ತೆ.